ಕೋವಿ: ಹಕ್ಕೋ, ಹೊಣೆಯೋ?

ಕೊಲೆ, ದರೋಡೆಗಳ ಸುದ್ದಿ ಬಂದಾಗಲೆಲ್ಲ ಒಂದು ವಾದ ನಮ್ಮ ಕಿವಿಗೆ ಬೀಳುತ್ತದೆ: ಆತ್ಮರಕ್ಷಣೆಗಾಗಿ ಪ್ರತಿ ಮನೆಯಲ್ಲೂ ಒಂದು ಬಂದೂಕು ಇರಲಿ, ಅಮೆರಿಕದಲ್ಲಿ ಅದು ಸಂವಿಧಾನವೇ ಕೊಟ್ಟ ಹಕ್ಕಲ್ಲವೇ? ಇದಕ್ಕೆ ಎದುರಾಗಿ, ಕೋವಿಯೇ ಪಾಪದ ವಸ್ತು, ಎಲ್ಲವನ್ನೂ ಸರ್ಕಾರ ವಶಪಡಿಸಿಕೊಳ್ಳಲಿ ಎನ್ನುವವರೂ ಇದ್ದಾರೆ. ಈ ಎರಡೂ ವಾದಗಳನ್ನು ನಮ್ಮ ಕಾರವಾರ, ಅಂಕೋಲಾಗಳ ಅನುಭವದ ಒರೆಗಲ್ಲಿಗೆ ಹಚ್ಚಿ ನೋಡುವುದು ಒಳಿತು.

ಮೊದಲು ರಕ್ಷಣೆಯ ಮಾತು. 2000ದ ಫೆಬ್ರವರಿಯಲ್ಲಿ ಕಾರವಾರದ ಶಾಸಕ ವಸಂತ ಅಸ್ನೋಟಿಕರ್ ಗುಂಡಿಗೆ ಬಲಿಯಾದರು. 2013ರ ಡಿಸೆಂಬರ್ 21ರಂದು ಅಂಕೋಲಾದಲ್ಲಿ ಉದ್ಯಮಿ ಆರ್.ಎನ್. ನಾಯಕ ಹತರಾದರು. ನಾಯಕರ ಜೊತೆಗೆ ಶಸ್ತ್ರಧಾರಿ ಅಂಗರಕ್ಷಕನಿದ್ದ. ಅವನ ಗುಂಡಿಗೆ ಹಂತಕರಲ್ಲೊಬ್ಬ ಸತ್ತ. ಆದರೂ ನಾಯಕರ ಪ್ರಾಣ ಉಳಿಯಲಿಲ್ಲ. ಹೊಂಚು ಹಾಕಿ ಬಂದವನೇ ಮೊದಲು ಗುಂಡು ಹಾರಿಸುತ್ತಾನೆ ಎಂಬ ಸತ್ಯವನ್ನು ಬಂದೂಕಿನ ಪ್ರತಿಪಾದಕರು ಮರೆಯುತ್ತಾರೆ. ಸಂಚು ಹೂಡಿದವರಿಗೆ 2022ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿದ್ದು ಬೆಳಗಾವಿಯ ವಿಶೇಷ ನ್ಯಾಯಾಲಯ.

ಹಕ್ಕಿನ ವಾದವೂ ಹೊಸದೇನಲ್ಲ. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಶಸ್ತ್ರ ಹೊಂದುವ ಹಕ್ಕನ್ನು ಸೇರಿಸಲಾಗಿತ್ತು. 1948ರ ಡಿಸೆಂಬರಿನಲ್ಲಿ ಎಚ್.ವಿ. ಕಾಮತರು ಅದನ್ನು ಸಂವಿಧಾನ ಸಭೆಯಲ್ಲಿ ಮತ್ತೆ ಎತ್ತಿದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ತಿರಸ್ಕರಿಸಿತು. ಇಂದಿಗೂ ನಮ್ಮ ಸಂವಿಧಾನದ 19ನೇ ವಿಧಿ ಕೊಡುವುದು ಶಾಂತಿಯುತವಾಗಿ, ಶಸ್ತ್ರವಿಲ್ಲದೆ ಸಭೆ ಸೇರುವ ಹಕ್ಕನ್ನು. ಬಂದೂಕಿಲ್ಲದೆ ಸ್ವಾತಂತ್ರ್ಯವಿಲ್ಲ ಎನ್ನುವವರು 1930ರ ಅಂಕೋಲಾದ ಉಪ್ಪಿನ ಸತ್ಯಾಗ್ರಹವನ್ನು ನೆನೆಯಬೇಕು. ಆ ಜನ, ಆನಂತರದ ಕರನಿರಾಕರಣೆಯಲ್ಲಿ ಭೂಮಿ ಕಳೆದುಕೊಂಡವರು ಸಹ, ಕೋವಿ ಎತ್ತಲಿಲ್ಲ.

ಹಾಗಾದರೆ ಎಲ್ಲ ಕೋವಿಗಳನ್ನೂ ಕಿತ್ತುಕೊಳ್ಳಬೇಕೇ? ಇಲ್ಲಿ ಎರಡನೆಯ ವಾದವೂ ಸೋಲುತ್ತದೆ. ಕಾಡಿನಂಚಿನ ಹಳ್ಳಿಗಳಲ್ಲಿ ಹಂದಿ, ಮಂಗಗಳ ಹಾವಳಿಗೆ ಒಂದೇ ರಾತ್ರಿಯಲ್ಲಿ ಬೆಳೆ ಕಳೆದುಕೊಳ್ಳುವ ರೈತನಿಗೆ ಕೋವಿ ಪ್ರತಿಷ್ಠೆಯಲ್ಲ, ಕತ್ತಿ ಗುದ್ದಲಿಗಳಂತೆ ಒಂದು ಸಾಧನ. 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಯನ್ನು ಪರವಾನಗಿಗೆ ನ್ಯಾಯವಾದ ಕಾರಣವೆಂದು ಗುರುತಿಸಿದೆ. ಅದು ಬೇಟೆಯ ಅಪ್ಪಣೆಯಲ್ಲ. 1972ರ ವನ್ಯಜೀವಿ ಕಾಯಿದೆ ಅದನ್ನು ನಿಷೇಧಿಸಿದೆ. ಸದ್ದಿನಿಂದ ಬೆದರಿಸಿ ಓಡಿಸುವುದೇ ಅದರ ಮುಖ್ಯ ಉಪಯೋಗ.

ಆದರೆ ಚುನಾವಣೆ ಘೋಷಣೆಯಾದೊಡನೆ ಬೆಳೆ ರಕ್ಷಣೆಯ ಕೋವಿಗಳನ್ನೂ ಠಾಣೆಗೆ ಒಪ್ಪಿಸಲು ಹೇಳುವುದು ವಾಡಿಕೆಯಾಗಿದೆ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಜಾರಿಯಲ್ಲಿತ್ತು. ಕಾಡುಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ! ಪರಿಶೀಲನಾ ಸಮಿತಿಯೊಂದು ಪ್ರತಿಯೊಬ್ಬನ ಹಿನ್ನೆಲೆಯನ್ನು ನೋಡಿ, ಜಾಮೀನಿನ ಮೇಲಿರುವವರು, ಗಲಭೆಯ ಇತಿಹಾಸವುಳ್ಳವರು ಮುಂತಾದವರನ್ನು ಗುರುತಿಸಬೇಕೆಂಬುದು ಚುನಾವಣಾ ಆಯೋಗದ್ದೇ ಸೂಚನೆ. ಎಲ್ಲರನ್ನೂ ಒಂದೇ ಕೋಲಿನಲ್ಲಿ ಅಳೆಯುವುದು ಆಡಳಿತಕ್ಕೆ ಸುಲಭವಿರಬಹುದು; ನಿರಪರಾಧಿ ರೈತನಿಗೆ ಅದು ಅನ್ಯಾಯ.

ಎರಡೂ ವಾದಗಳು ಬಿಟ್ಟುಬಿಡುವ ಪ್ರಶ್ನೆ ಒಂದೇ: ಈ ಕೋವಿ ಯಾತಕ್ಕಾಗಿ? ಕೋವಿ ಸ್ವಂತ ಸೊತ್ತಿನ ಹಕ್ಕಲ್ಲ. ಅಗತ್ಯವನ್ನು ನೋಡಿ ಸಮಾಜ ಒಪ್ಪಿಸಿದ ನಂಬಿಕೆ. 2019ರ ತಿದ್ದುಪಡಿ ಒಬ್ಬನಿಗೆ ಮೂರರ ಬದಲು ಎರಡೇ ಕೋವಿಗಳ ಮಿತಿ ಹಾಕಿದ್ದೂ, ಸಂಭ್ರಮದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸುವುದನ್ನು ಅಪರಾಧವಾಗಿಸಿದ್ದೂ ಈ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಆದರೆ ಕಾನೂನು ಮನೆಯ ಹೊಸ್ತಿಲು ದಾಟಿ ಪ್ರತಿದಿನ ಬರಲಾರದು. ನಿಮ್ಮ ಮನೆಯಲ್ಲಿ ಕೋವಿಯಿದ್ದರೆ ಅದಕ್ಕೆ ಬೀಗವಿದೆಯೇ? ಮದ್ದುಗುಂಡುಗಳು ಬೇರೆಡೆ ಇವೆಯೇ? ಮಕ್ಕಳ ಕೈಗೆ ಎಟುಕುತ್ತಿದೆಯೇ? ಮನೆಯಲ್ಲಿ ಕುಡಿತವೋ, ಗಡಿಜಗಳವೋ, ಮನಸ್ಸು ನೊಂದ ಜೀವವೋ ಇದ್ದರೆ ಆ ಕೋವಿ ಅಲ್ಲಿರುವುದು ತರವೇ? ಇಂದು ರಾತ್ರಿ ಊಟದ ನಂತರ ಮನೆಮಂದಿ ಕೂಡಿ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿರಿ.