ಡ್ರಮ್ಮಿನ ಮುಖ, ನೋಡುವವರ ದೂರ

ಪಾಶ್ಚಾತ್ಯ ಸಂಗೀತದ ವೇದಿಕೆಯಲ್ಲಿ ಪ್ರೇಕ್ಷಕರಿಗೆ ನೇರ ಮುಖ ಕೊಟ್ಟು ಕೂರುವ ವಾದ್ಯವೆಂದರೆ ಬೇಸ್ ಡ್ರಮ್. ಗಿಟಾರ್ ನುಡಿಸುವವರು ಓಡಾಡುತ್ತಿರುತ್ತಾರೆ, ಕೀಬೋರ್ಡಿನ ಮನೆಗಳು ಕೆಳಗೆ ಕೂತವರಿಗೆ ಕಾಣುವುದಿಲ್ಲ, ಡ್ರಮ್ಮರ್ ಸಿಂಬಲ್‌ಗಳ ಹಿಂದೆ ಅರ್ಧ ಮರೆಯಾಗಿರುತ್ತಾನೆ. ಅವನ ಕಾಲಿನ ಮುಂದಿರುವ, ಹತ್ತಿರ ಹತ್ತಿರ ಎರಡಡಿ ಅಗಲದ ವೃತ್ತ ಮಾತ್ರ ಕಾರ್ಯಕ್ರಮ ಮುಗಿಯುವತನಕ ಇದ್ದಲ್ಲೇ ಇರುತ್ತದೆ. ಆ ಮುಚ್ಚಿಗೆಯ ಮೇಲೆ ಹೆಸರು ಬರೆಸುವುದು, ಚಿತ್ರ ಬಿಡಿಸುವುದು ನೂರು ವರ್ಷಕ್ಕೂ ಹಳೆಯ ಖಯಾಲಿ. ಇದನ್ನು ಷೋಕಿ ಎಂದು ತಳ್ಳಿಹಾಕುವವರು ಒಂದು ಕಡೆ, ಕುಂಚದ ಕೈಚಳಕ ನೋಡಿ ಮಾರ್ಕು ಕೊಡುವವರು ಇನ್ನೊಂದು ಕಡೆ. ಎರಡೂ ತಪ್ಪು ಅಳತೆಗೋಲುಗಳು. ಡ್ರಮ್ಮಿನ ಮುಖದ ಚಿತ್ರವನ್ನು ಅಳೆಯಬೇಕಾದದ್ದು ಅದನ್ನು ಎಷ್ಟು ದೂರದಿಂದ, ಎಷ್ಟು ಹೊತ್ತು ನೋಡುತ್ತಾರೆ ಎಂಬ ಲೆಕ್ಕದಿಂದ. ಈ ಕಸುಬಿನಲ್ಲಿ ಗೆದ್ದ ಚಿತ್ರಗಳೆಲ್ಲ ಆ ಲೆಕ್ಕ ಇಟ್ಟುಕೊಂಡು ಗೆದ್ದಿವೆ ಎಂಬುದು ನನ್ನ ವಾದ.

1920ರ ದಶಕದ ಅಮೆರಿಕದ ನೃತ್ಯಶಾಲೆಗಳನ್ನು ಮೊದಲು ನೋಡೋಣ. ಆಗಿನ ಬೇಸ್ ಡ್ರಮ್ ಈಗಿನದಕ್ಕಿಂತ ದೊಡ್ಡದು. 28 ಇಂಚು ವ್ಯಾಸ ಸಾಮಾನ್ಯವಾಗಿತ್ತು. ಮುಚ್ಚಿಗೆ ಕರುವಿನ ಚರ್ಮದ್ದು. ಹವೆಯಲ್ಲಿ ತೇವ ಹೆಚ್ಚಿದರೆ ಚರ್ಮ ಅದನ್ನು ಹೀರಿಕೊಂಡು ಸಡಿಲವಾಗುತ್ತದೆ, ನಾದ ಮಂಕಾಗುತ್ತದೆ. ಅದಕ್ಕೆ ಡ್ರಮ್ಮಿನೊಳಗೆ ಒಂದೆರಡು ವಿದ್ಯುತ್ ಬಲ್ಬು ಕೂರಿಸಿ ಚರ್ಮವನ್ನು ಬೆಚ್ಚಗಿಡುತ್ತಿದ್ದರು. ಬಲ್ಬು ಹೊತ್ತಿದರೆ ತೆಳ್ಳನೆಯ ಚರ್ಮ ಒಳಗಿನಿಂದ ಬೆಳಗುತ್ತದಲ್ಲ, ಆ ಬೆಳಕನ್ನು ವ್ಯರ್ಥ ಮಾಡುವುದೇಕೆ ಎಂದು ಅದರ ಮೇಲೆ ಚಿತ್ರ ಬಂತು: ಬೆಟ್ಟಗಳ ನಡುವಿನ ಸರೋವರ, ಸೂರ್ಯಾಸ್ತ, ಗಾಳಿಗಿರಣಿ, ಹಾಯಿಹಡಗು. ಷಿಕಾಗೊದ ಲಡ್ವಿಗ್, ಇಂಡಿಯಾನಾಪೊಲಿಸ್‌ನ ಲೀಡಿ ಕಂಪನಿಗಳು ಚಿತ್ರ ಬರೆದ ಮುಚ್ಚಿಗೆಗಳನ್ನೇ ಮಾರುತ್ತಿದ್ದವು. ಬಲ್ಬು ಮಿಣುಕುವಂತೆ ಮಾಡುವ ಸಲಕರಣೆಯೂ ಸಿಗುತ್ತಿತ್ತು. ಇಂದಿನ ಕಣ್ಣಿಗೆ ಇದೆಲ್ಲ ಕ್ಯಾಲೆಂಡರ್ ಚಿತ್ರದಂತೆ ಕಂಡೀತು. ಆದರೆ ಅದನ್ನು ನೋಡುತ್ತಿದ್ದವರು ಯಾರು? ಕುಣಿಯುತ್ತ ಸುತ್ತು ಹಾಕುವ ಜೋಡಿಗಳು. ಪ್ರತಿ ಸುತ್ತಿಗೂ ವೇದಿಕೆಯ ಪಕ್ಕದಲ್ಲೇ ಹಾದುಹೋಗುತ್ತಿದ್ದರು, ಗಂಟೆಗಟ್ಟಲೆ ಅದೇ ಕೋಣೆಯಲ್ಲಿ ಇರುತ್ತಿದ್ದರು. ಹತ್ತಿರದ ಕಣ್ಣಿಗೆ, ಬಿಡುವಿನ ಹೊತ್ತಿಗೆ ಸರೋವರದ ಅಲೆ ಎಣಿಸಲು ಪುರುಸೊತ್ತಿತ್ತು. ಚಿತ್ರದ ವಿವರ ಆ ದೂರಕ್ಕೆ ಸರಿಯಾಗಿಯೇ ಇತ್ತು.

ಮುಂದಿನ ದಶಕದಲ್ಲಿ ದೂರ ಬದಲಾಯಿತು. ಸ್ವಿಂಗ್ ಸಂಗೀತದ ಕಾಲಕ್ಕೆ ತಂಡಗಳು ದೊಡ್ಡ ಸಭಾಂಗಣಕ್ಕೂ ಸಿನಿಮಾ ಪರದೆಗೂ ಬಂದವು, ಡ್ರಮ್ಮರ್ ತಾನೇ ತಾರೆಯಾದ. ಜೀನ್ ಕ್ರೂಪಾ ಅವರ ಡ್ರಮ್ಮಿನ ಮೇಲೆ ಸರೋವರವಿಲ್ಲ, ಗುರಾಣಿಯ ಆಕಾರದೊಳಗೆ ಅವರ ಹೆಸರಿನ ಎರಡು ಮೊದಲಕ್ಷರಗಳಿವೆ, ಅಷ್ಟೇ. ಆ ದಾರಿಯ ಕೊನೆಯ ನಿಲ್ದಾಣ ಬೀಟಲ್ಸ್. ತಂಡದ ಡ್ರಮ್ಮರ್ ರಿಂಗೊ ಸ್ಟಾರ್ ಅವರ ಹಳೆಯ ಡ್ರಮ್ಮಿನ ಮೇಲೆ ಸಪೂರ ಕೈಬರಹದಂಥ ಅಕ್ಷರಗಳಿದ್ದವು, ಮೊದಲಕ್ಷರಕ್ಕೆ ಕೀಟದ ಮೀಸೆಗಳಿದ್ದವು. ಹತ್ತಿರದಿಂದ ತಮಾಷೆಯಾಗಿತ್ತು, ದೂರಕ್ಕೆ ಬರೀ ಗೀಚು. 1963ರಲ್ಲಿ ಅವರು ಲಂಡನ್ನಿನ ಡ್ರಮ್ ಸಿಟಿ ಅಂಗಡಿಯಲ್ಲಿ ಲಡ್ವಿಗ್ ಡ್ರಮ್ಮುಗಳನ್ನು ತೆಗೆದುಕೊಂಡಾಗ ಅಂಗಡಿಯ ಮಾಲೀಕ ಐವರ್ ಆರ್ಬಿಟರ್ ಕಾಗದದ ಮೇಲೆ ಒಂದು ವಿನ್ಯಾಸ ಗೀಚಿದರು. ಬೋರ್ಡು ಬರೆಯುವ ಎಡ್ಡಿ ಸ್ಟೋಕ್ಸ್ ಅದನ್ನು ಮುಚ್ಚಿಗೆಗೆ ಇಳಿಸಿದರು. ದಪ್ಪ ಕಪ್ಪು ಅಕ್ಷರ, ಬಿಳಿ ಹಿನ್ನೆಲೆ, ಮೊದಲಕ್ಷರ ಉಳಿದವಕ್ಕಿಂತ ದೊಡ್ಡದು, ನಡುವಿನ ‘ಟಿ’ಯ ಕಾಂಡ ಸಾಲು ದಾಟಿ ಕೆಳಗಿಳಿದಿದೆ. ಆ ಕೆಲಸಕ್ಕೆ ಸಂದದ್ದು 5 ಪೌಂಡು. 1964ರ ಫೆಬ್ರವರಿ 9ರಂದು ಎಡ್ ಸಲಿವನ್ ಟೆಲಿವಿಷನ್ ಕಾರ್ಯಕ್ರಮದಲ್ಲಿ ಸುಮಾರು 7.3 ಕೋಟಿ ಅಮೆರಿಕನ್ನರು ತಂಡವನ್ನು ಕಂಡರು. ಅಂದಿನ ಟಿ.ವಿ. ಪುಟ್ಟದು, ಕಪ್ಪುಬಿಳುಪು, ಮಸುಕು. ಕ್ಯಾಮೆರಾ ಡ್ರಮ್ಮಿನ ಮೇಲೆ ನಿಲ್ಲುತ್ತಿದ್ದದ್ದು ಕೆಲವೇ ಸೆಕೆಂಡು. 20 ಇಂಚಿನ ಮುಚ್ಚಿಗೆ ಆ ಪರದೆಯಲ್ಲಿ ಬೆರಳುದ್ದವೂ ಬರುತ್ತಿರಲಿಲ್ಲ. ಅಷ್ಟರಲ್ಲೇ ಹೆಸರು ಓದಿಸಿತು. ಸರೋವರ, ಹಾಯಿಹಡಗು ಅಲ್ಲಿದ್ದಿದ್ದರೆ ಬೂದು ಮಚ್ಚೆಯಾಗುತ್ತಿತ್ತು.

ಹಾಗಾದರೆ ಕಡಿಮೆ ಗೆರೆ, ದಪ್ಪ ಅಕ್ಷರ ಎಂದೆಂದಿಗೂ ಮೇಲು ಎಂದು ತೀರ್ಪು ಕೊಟ್ಟುಬಿಡಬಹುದೇ? ಕೊಡಬಾರದು ಎಂಬುದಕ್ಕೆ ಅದೇ ತಂಡ ಸಾಕ್ಷಿ. 1967ರ ‘ಸಾರ್ಜೆಂಟ್ ಪೆಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಮ್ಮಿನ ಹೊದಿಕೆಯ ನಟ್ಟನಡುವೆ ನಿಂತ ಡ್ರಮ್ಮನ್ನು ನೆನಪಿಸಿಕೊಳ್ಳಿ. ಜಾತ್ರೆಯ ತಿರುಗುತೊಟ್ಟಿಲುಗಳಿಗೆ ಬಣ್ಣ ಬಳಿಯುವ ಪರಂಪರೆಯ ಕಲಾವಿದ ಜೋ ಎಫ್‌ಗ್ರೇವ್ ಬರೆದದ್ದು ಅದು. ಬಾಗು ಅಕ್ಷರ, ನೆರಳು, ಅಂಚಿಗೆ ಅಂಚು, ಬಣ್ಣದೊಳಗೆ ಬಣ್ಣ. ಟಿ.ವಿ.ಯ ಅಳತೆಗೋಲಿನಲ್ಲಿ ಇದು ನಪಾಸು. ಆದರೆ ಇದನ್ನು ಯಾರೂ ಸಭಾಂಗಣದಿಂದ ನೋಡಬೇಕಾಗಿರಲಿಲ್ಲ. 12 ಇಂಚಿನ ರೆಕಾರ್ಡಿನ ಹೊದಿಕೆಯನ್ನು ಕೈಯಲ್ಲಿ ಹಿಡಿದು, ಎರಡೂ ಬದಿಯ ಹಾಡು ಮುಗಿಯುವವರೆಗೆ ತಿರುಗಿಸಿ ತಿರುಗಿಸಿ ನೋಡುವವರಿಗೆಂದು ಬರೆದದ್ದು. ಹತ್ತಾರು ಮುಖಗಳ ಗುಂಪಿನ ಮುಂದೆ ಆಲ್ಬಮ್ಮಿನ ಪೂರ್ತಿ ಹೆಸರು ಹೊತ್ತದ್ದು ಆ ಡ್ರಮ್ಮು ಒಂದೇ. 2008ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅದು 5,41,250 ಪೌಂಡಿಗೆ ಮಾರಾಟವಾಯಿತು. ಸಲಿವನ್ ಕಾರ್ಯಕ್ರಮದ ಮುಚ್ಚಿಗೆ 2015ರಲ್ಲಿ 20 ಲಕ್ಷ ಡಾಲರಿಗೂ ಮೇಲೆ ಹೋಯಿತು. ಹರಾಜಿನ ಬೆಲೆ ಕಲೆಯ ತಕ್ಕಡಿಯಲ್ಲ, ನಿಜ. ಆದರೂ ಒಂದಕ್ಕೊಂದು ಪೂರ್ತಿ ವಿರುದ್ಧವಾದ ಎರಡು ವಿನ್ಯಾಸಗಳು ಜನರ ನೆನಪಿನಲ್ಲಿ ಅಷ್ಟೇ ಗಟ್ಟಿಯಾಗಿ ನಿಂತಿವೆ ಎಂದರೆ ಗೆಲುವಿನ ಕಾರಣ ಶೈಲಿಯಲ್ಲಿಲ್ಲ ಎಂದಾಯಿತು.

ಬೀದಿಗೆ ಇಳಿದರೆ ಇದೇ ಮಾತು ಇನ್ನೂ ಸ್ಪಷ್ಟ. ಮೆರವಣಿಗೆಯ ಡ್ರಮ್ಮನ್ನು ಎದೆಯ ಮುಂದೆ ಅಡ್ಡಲಾಗಿ ಹೊರುತ್ತಾರೆ. ಮುಚ್ಚಿಗೆಗಳು ಎಡಕ್ಕೂ ಬಲಕ್ಕೂ ತಿರುಗಿರುತ್ತವೆ, ಎರಡಕ್ಕೂ ಏಟು ಬೀಳುತ್ತದೆ. ಎದುರಿನಿಂದ ನೋಡುವವರಿಗೆ ಕಾಣುವುದು ಡ್ರಮ್ಮಿನ ಮರದ ಒಡಲು. ಬ್ರಿಟಿಷ್ ಸೇನೆಯ ರೆಜಿಮೆಂಟುಗಳು ತಮ್ಮ ಲಾಂಛನವನ್ನೂ ಗೆದ್ದ ಯುದ್ಧಗಳ ಹೆಸರನ್ನೂ ಒಡಲಿನ ಮೇಲೆ ಬರೆಸಿದ್ದು ಅದಕ್ಕೇ. ಉತ್ತರ ಐರ್ಲೆಂಡಿನ ಲ್ಯಾಂಬೆಗ್ ಡ್ರಮ್ಮಿನ ಚಿತ್ರಗಳೂ ಒಡಲಿನ ಮೇಲೇ ಇರುತ್ತವೆ, ಮೇಕೆಯ ಚರ್ಮ ಏಟಿಗೆ ಮೀಸಲು. ನಮ್ಮ ಊರುಗಳ ಮದುವೆ ದಿಬ್ಬಣ, ಗಣೇಶನ ಮೆರವಣಿಗೆಗಳ ಬ್ಯಾಂಡ್ ಸೆಟ್ಟಿನವರ ಗಿರಾಕಿ ರಸ್ತೆಯ ಅಂಚಿನಲ್ಲಿ ನಿಂತಿರುತ್ತಾನೆ, ನಾಲ್ಕೈದು ಅಡಿ ದೂರದಲ್ಲಿ. ಅವನಿಗೆ ಹೆಸರು, ಊರು, ಫೋನ್ ನಂಬರು ಕಾಣಬೇಕು. ಆದ್ದರಿಂದ ಬರಹ ಮುಚ್ಚಿಗೆಯ ಮೇಲೆಯೇ. ಬಡಿಗೆ ಬೀಳುವ ನಡುಭಾಗದಲ್ಲಿ ಬಣ್ಣ ನಿಲ್ಲದು ಎಂದು ಬಲ್ಲ ಪೇಂಟರು ಹೆಸರನ್ನು ಮೇಲಂಚಿನ ಬಾಗಿಗೆ, ನಂಬರನ್ನು ಕೆಳಗಂಚಿಗೆ ಹೊಂದಿಸಿ ನಡುವನ್ನು ಖಾಲಿ ಬಿಡುತ್ತಾನೆ. ಕಲಾಶಾಲೆಯಲ್ಲಿ ಕಲಿಸದ ಸಂಯೋಜನೆಯ ಪಾಠ ಅದು.

ಇನ್ನು ಆಕ್ಷೇಪಗಳು. ಡ್ರಮ್ಮರ್‌ಗಳಿಂದ ಮೊದಲು ಬರುವುದು ನಾದದ ದೂರು: ಬಣ್ಣ ಬಳಿದರೆ ಮುಚ್ಚಿಗೆ ಭಾರವಾಗುತ್ತದೆ, ದನಿ ಸಾಯುತ್ತದೆ. ಲೆಕ್ಕ ಹಾಕಿ ನೋಡೋಣ. ಈಗಿನ ಮುಚ್ಚಿಗೆ ಚರ್ಮದ್ದಲ್ಲ, 1950ರ ದಶಕದ ಕೊನೆಗೆ ರೆಮೊ, ಇವಾನ್ಸ್ ಕಂಪನಿಗಳು ತಂದ ಪಾಲಿಯೆಸ್ಟರ್ ಹಾಳೆಯದ್ದು. 22 ಇಂಚು ವ್ಯಾಸ, ಕಾಲು ಮಿಲಿಮೀಟರ್ ದಪ್ಪದ ಹಾಳೆಯ ತೂಕ ಸುಮಾರು 85 ಗ್ರಾಂ. ಅದರ ಕಾಲು ಭಾಗದಷ್ಟು ಜಾಗಕ್ಕೆ ತೆಳ್ಳಗೆ ಎರಡು ಕೋಟು ಎನಾಮಲ್ ಬಳಿದರೆ, ಒಣಗಿದ ಮೇಲೆ ಉಳಿಯುವ ತೂಕ ನಾಲ್ಕು ಗ್ರಾಂ ಆಸುಪಾಸು. ಶೇಕಡಾ 5ರಷ್ಟು ಭಾರ ಹೆಚ್ಚಿದರೆ ಶ್ರುತಿ ಇಳಿಯುವುದು ಅರ್ಧ ಸ್ವರಸ್ಥಾನಕ್ಕಿಂತ ಕಡಿಮೆ. ತಿರುಪುಗಳನ್ನು ಸ್ವಲ್ಪ ಬಿಗಿದರೆ ಸರಿಹೋಗುತ್ತದೆ. ಇಡೀ ವೃತ್ತಕ್ಕೆ ದಪ್ಪನಾಗಿ ಬಳಿದರೆ ಮಾತ್ರ 30 ಗ್ರಾಂ ದಾಟುತ್ತದೆ, ಆಗ ದೂರಿಗೆ ಬೆಲೆಯಿದೆ. ಮೇಲಾಗಿ ಪೆಡಲ್ಲಿನ ಏಟು ಬೀಳುವುದು ಹಿಂಬದಿಯ ಮುಚ್ಚಿಗೆಗೆ. ಮುಂಬದಿಯದು ಜೊತೆಗೆ ಕಂಪಿಸುತ್ತದೆ, ಅಷ್ಟೇ. ನಾದ ತಗ್ಗಲಿ ಎಂದು ಡ್ರಮ್ಮಿನೊಳಗೆ ದಿಂಬು ತುರುಕಿ, ಮೈಕ್ ಇಡಲು ಮುಂಬದಿಯಲ್ಲಿ ನಾಲ್ಕೈದು ಇಂಚಿನ ತೂತು ಕೊರೆದವರು ನಾಲ್ಕು ಗ್ರಾಂ ಬಣ್ಣಕ್ಕೆ ಗೊಣಗುವುದು ನ್ಯಾಯವಲ್ಲ.

ಮುಚ್ಚಿಗೆಗೆ ಭಾರ ಕೂಡಿಸುವುದೇ ಅಪಚಾರ ಎಂಬ ನಂಬಿಕೆ ನಮ್ಮ ನೆಲದಲ್ಲಂತೂ ನಿಲ್ಲುವುದಿಲ್ಲ. ಮೃದಂಗದ ಬಲ ಮುಚ್ಚಿಗೆಯ ಕರಣೆ, ಎಡಕ್ಕೆ ಮೆತ್ತುವ ರವೆಯ ಕಣಕ, ತಬಲಾದ ಕಪ್ಪು ಬೊಟ್ಟು ಇವೆಲ್ಲ ಬೇಕೆಂದೇ ಹೇರಿದ ಭಾರಗಳು. ಬರಿಯ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದದೆ ಗದ್ದಲವೆಬ್ಬಿಸುತ್ತವೆ, ನಡುವೆ ಲೆಕ್ಕವಾಗಿ ಕೂರಿಸಿದ ಕರಣೆ ಅವನ್ನು ಸ್ವರದ ಕಟ್ಟಿಗೆ ತರುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಸಹಲೇಖಕರೊಬ್ಬರೊಂದಿಗೆ ತೋರಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇನ್ನಷ್ಟು ವಿವರಿಸಿದರು. ಬೋರ್ಡಿನ ಬಣ್ಣಕ್ಕೆ ಕರಣೆಯ ಪಟ್ಟ ಕಟ್ಟಲು ಇದನ್ನು ಹೇಳುತ್ತಿಲ್ಲ. ಭಾರವನ್ನು ಎಲ್ಲಿ, ಎಷ್ಟು ಇಡುತ್ತೇವೆ ಎಂಬುದೇ ಪ್ರಶ್ನೆ, ಇಡಬಾರದು ಎಂಬುದಲ್ಲ. ಮತ್ತೆ ದೂರದಿಂದ ಓದಿಸುವ ವಿನ್ಯಾಸಕ್ಕೆ ಬಣ್ಣ ಹಿಡಿಯುವ ಜಾಗವೂ ಕಡಿಮೆ. ಕಣ್ಣಿನ ಹಿತ, ಕಿವಿಯ ಹಿತ ಇಲ್ಲಿ ಜಗಳಕ್ಕೆ ನಿಲ್ಲುವುದಿಲ್ಲ.

ಕೆಲಸದ ಕ್ರಮವೂ ಇದನ್ನೇ ಹೇಳುತ್ತದೆ. ಪಾಲಿಯೆಸ್ಟರ್ ನುಣುಪು, ಬಣ್ಣ ಕಚ್ಚುವುದಿಲ್ಲ. ಅದಕ್ಕೆ ತರಿತರಿಯಾದ ಬಿಳಿ ಲೇಪವಿರುವ ಮುಚ್ಚಿಗೆ ಆರಿಸಿಕೊಂಡು, ಕೈಯ ಜಿಡ್ಡು ಹೋಗುವಂತೆ ಸ್ಪಿರಿಟ್‌ನಲ್ಲಿ ಒರೆಸಬೇಕು. ಮೊದಲು ಡ್ರಮ್ಮಿಗೆ ಹಾಕಿ, ಬಿಗಿದು, ಆಮೇಲೆ ನೆತ್ತಿ ಗುರುತು ಮಾಡಬೇಕು. ಮೇಜಿನ ಮೇಲೆ ಬರೆದು ನಂತರ ಹಾಕಿದರೆ ಅಕ್ಷರ ಓರೆಯಾಗುವ, ತೂತು ಹೆಸರಿನ ಮಧ್ಯೆ ಬರುವ ಅಪಾಯವಿದೆ. ಬಣ್ಣ ತೆಳ್ಳಗಿರಬೇಕು. ದಪ್ಪ ಪದರ ಕಂಪನಕ್ಕೆ ಬಿರುಕು ಬಿಟ್ಟು ಸಿಪ್ಪೆಯೇಳುತ್ತದೆ. ಪಾರದರ್ಶಕ ಮುಚ್ಚಿಗೆಯಾದರೆ ಒಳಬದಿಯಿಂದ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬಹುದು. ಆಗ ಅಂಚಿನ ಗೆರೆ, ನೆರಳು ಮೊದಲು, ಹಿನ್ನೆಲೆ ಕೊನೆಗೆ. ಮೈಸೂರಿನ ಗಾಜಿನ ಚಿತ್ರಗಳ ಕ್ರಮವೂ ಇದೇ. ಅಕ್ಷರದ ಗಾತ್ರಕ್ಕೆ ಬೋರ್ಡು ಬರೆಯುವವರ ಅಂದಾಜು ಸಾಕು: ಒಂದಿಂಚು ಎತ್ತರದ ಅಕ್ಷರ ಹತ್ತಡಿಗೆ ಸಲೀಸು. ನಲವತ್ತಡಿ ದೂರದ ಸಾಲಿಗೆ ನಾಲ್ಕಿಂಚು ಬೇಕು. ಕನ್ನಡದಲ್ಲಿ ಬರೆಸುವ ತಂಡಗಳು ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕಾದ್ದರಿಂದ ಮೂಲ ಅಕ್ಷರ ಕುಗ್ಗುತ್ತದೆ. ಒತ್ತಿರುವ ಹೆಸರನ್ನು ಒಂದೇ ಸಾಲಿನಲ್ಲಿ, ವೃತ್ತ ಅತಿ ಅಗಲವಿರುವ ಕಡೆ ಬರೆಸುವುದು ಜಾಣತನ.

ಎರಡನೆಯ ಆಕ್ಷೇಪ ಅಭಿರುಚಿಯದು: ಇದು ಜಾಹೀರಾತು, ಕಲೆಯಲ್ಲ. ಜಾಹೀರಾತು ಹೌದು. ರಿಂಗೊ ಅವರ ಮುಚ್ಚಿಗೆಯ ಮೇಲೆ ತಂಡದ ಹೆಸರಿನ ಮೇಲ್ಗಡೆ ಲಡ್ವಿಗ್ ಹೆಸರೂ ಇತ್ತು, ಕಂಪನಿಗೆ ಅದರಿಂದ ಬಂದ ಬೇಡಿಕೆಯೂ ದೊಡ್ಡದು. ಆದರೆ ಜಾಹೀರಾತಾದ ಮಾತ್ರಕ್ಕೆ ಕಲೆಯಲ್ಲ ಎನ್ನುವುದಾದರೆ ಸಿನಿಮಾ ಪೋಸ್ಟರ್, ನಾಟಕ ಕಂಪನಿಯ ಪರದೆ ಎಲ್ಲವನ್ನೂ ಆಚೆ ಇಡಬೇಕಾಗುತ್ತದೆ. ಮೂರನೆಯದು ಕಾಲದ ಆಕ್ಷೇಪ: ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ವಿನೈಲ್ ಮೇಲೆ ಅಚ್ಚು ಹಾಕಿಸಿ ಅಂಟಿಸಿದರೆ ಸಂಜೆಗೆ ಕೆಲಸ ಮುಗಿಯುವಾಗ ಕುಂಚ ಏಕೆ? ಇದಕ್ಕೆ ಭಾವುಕ ಉತ್ತರ ಕೊಡುವವರಿದ್ದಾರೆ. ನನಗೆ ಅದು ಬೇಡ. ವಿನೈಲ್ ಕೂಡ ಒಳ್ಳೆಯದೇ, ತೆಳ್ಳಗಿದ್ದರೆ, ಅಕ್ಷರದಷ್ಟೇ ಕತ್ತರಿಸಿ ಅಂಟಿಸಿದರೆ. ತೊಡಕಿರುವುದು ಯಂತ್ರದಲ್ಲಲ್ಲ. ಪರದೆಯ ಮುಂದೆ ಒಂದೂವರೆ ಅಡಿ ದೂರದಲ್ಲಿ ಕೂತವನಿಗೆ ಪ್ರತಿ ಗೆರೆಯೂ ಸ್ಪಷ್ಟ, ಹಾಗಾಗಿ ಜ್ವಾಲೆ, ತಲೆಬುರುಡೆ, ರೆಕ್ಕೆ, ಫೋಟೊ ಎಲ್ಲವನ್ನೂ ತುಂಬುತ್ತಾನೆ. ಫ್ಲೆಕ್ಸ್ ಬಂದ ಮೇಲೆ ನಮ್ಮ ಊರಿನ ಬೋರ್ಡುಗಳಿಗೆ ಆದದ್ದೂ ಇದೇ. ಕುಂಚ ಹಿಡಿದವನು ನಾಲ್ಕು ಅಕ್ಷರ ಬರೆದು ಹಿಂದೆ ಸರಿದು ಕಣ್ಣು ಕಿರಿದಾಗಿಸಿ ನೋಡುತ್ತಿದ್ದ. ಆ ಹಿಂದೆ ಸರಿಯುವ ಹೆಜ್ಜೆ ಈಗ ಯಾರ ಕೆಲಸದಲ್ಲೂ ಇಲ್ಲ.

ಆ ಹೆಜ್ಜೆಯ ಅಗತ್ಯ ಈಗ ಹೆಚ್ಚಿದೆ. ಇಂದಿನ ಪ್ರೇಕ್ಷಕರಲ್ಲಿ ಹೆಚ್ಚಿನವರು ಸಭಾಂಗಣಕ್ಕೆ ಬರುವವರಲ್ಲ, ಫೋನಿನಲ್ಲಿ ನೋಡುವವರು. ಅಲ್ಲಿ ಇಡೀ ವೇದಿಕೆ ಅಂಗೈಗಿಂತ ಚಿಕ್ಕದು, ಬೇಸ್ ಡ್ರಮ್ ಕಿರುಬೆರಳ ಉಗುರಿನಷ್ಟು, 1964ರ ಟಿ.ವಿ.ಗಿಂತ ಕಠಿಣ ಪರೀಕ್ಷೆ. ಹೊಸ ತಂಡ ಕಟ್ಟಿದವರು ವಿನ್ಯಾಸದ ಅಂದಚೆಂದ ಚರ್ಚಿಸುವ ಮೊದಲು ಅದನ್ನು ಕಾಗದಕ್ಕೆ ತೆಗೆದು ಗೋಡೆಗೆ ಅಂಟಿಸಿ ನಲವತ್ತಡಿ ಹಿಂದೆ ಹೋಗಿ ನೋಡಲಿ, ಆಮೇಲೆ ಫೋಟೊ ತೆಗೆದು ಫೋನಿನಲ್ಲಿ ಉಗುರಿನಷ್ಟಕ್ಕೆ ಇಳಿಸಿ ನೋಡಲಿ. ಎರಡರಲ್ಲೂ ಹೆಸರು ಓದಿಸಿದರೆ ಪೇಂಟರಿಗೆ ಮುಂಗಡ ಕೊಡಬಹುದು. ಓದಿಸದಿದ್ದರೆ ಚಿತ್ರದಿಂದ ಏನನ್ನು ತೆಗೆಯಬೇಕೆಂದು ಕೇಳಿ, ಏನನ್ನು ಸೇರಿಸಬೇಕೆಂದಲ್ಲ.