ಡೊಮೇನ್ ಯಾರ ಹೆಸರಲ್ಲಿದೆ?

ಗಂಗಾವತಿಯ ಅಕ್ಕಿ ಗಿರಣಿ, ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಕೂದಲು ಸಂಸ್ಕರಣಾ ಘಟಕ, ಕುಷ್ಟಗಿಯ ದಾಳಿಂಬೆ ವ್ಯಾಪಾರ, ಯಲಬುರ್ಗಾದ ಖಾಸಗಿ ಶಾಲೆ: ಇಂಥವಕ್ಕೆ ವೆಬ್‌ಸೈಟ್ ಬರುವ ದಾರಿ ಬಹುಮಟ್ಟಿಗೆ ಒಂದೇ. ವಿಸಿಟಿಂಗ್ ಕಾರ್ಡ್, ಫ್ಲೆಕ್ಸ್ ಮಾಡಿಕೊಡುವವರಿಗೋ ಪರಿಚಯದ ಹುಡುಗನಿಗೋ ಹೇಳಿದರಾಯಿತು. ಡೊಮೇನ್, ಹೋಸ್ಟಿಂಗ್, ಪುಟಗಳು ಎಲ್ಲ ಸೇರಿ ಒಂದೇ ಮೊತ್ತ. ಮೊಬೈಲಿನಲ್ಲಿ ಪುಟ ಚೆಂದ ಕಂಡರೆ ಬಾಕಿ ಹಣ ಚುಕ್ತಾ. ಈ ಪದ್ಧತಿ ಅಗ್ಗ, ಚುರುಕು, ಊರಿನಲ್ಲೇ ಸಿಗುವಂಥದ್ದು. ಆದರೆ ಅದರ ದೊಡ್ಡ ದೋಷ ಕಣ್ಣಿಗೆ ಬೀಳದ ಜಾಗದಲ್ಲಿ, ಡಿಎನ್‌ಎಸ್ ದಾಖಲೆಗಳಲ್ಲಿ ಕೂತಿದೆ.

ಡಿಎನ್‌ಎಸ್ ಎಂದರೆ ಡೊಮೇನ್ ಹೆಸರನ್ನು ಸರ್ವರ್‌ಗಳಿಗೆ ಜೋಡಿಸುವ ವ್ಯವಸ್ಥೆ. ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ಇದರಲ್ಲಿ ಒಂದು ಹೆಸರಿಗೆ ಹಲವು ದಾಖಲೆಗಳಿರುತ್ತವೆ. 'ಎ' ದಾಖಲೆ ಪುಟವಿರುವ ಸರ್ವರ್ ತೋರಿಸುತ್ತದೆ, 'ಎಂಎಕ್ಸ್' ಪತ್ರ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಎರಡೂ ಸ್ವತಂತ್ರ. ಪುಟ ಒಂದು ಕಂಪನಿಯಲ್ಲೂ ಇಮೇಲ್ ಇನ್ನೊಂದರಲ್ಲೂ ಇರಬಹುದು. ಈ ಸರಳ ಸಂಗತಿ ಮರೆತಾಗಲೇ ಅನಾಹುತ. ಸೈಟ್ ಹೊಸದು ಮಾಡುವವರು ಈ ದಾಖಲೆಗಳನ್ನು ಇಟ್ಟಿರುವ ನೇಮ್‌ಸರ್ವರ್‌ಗಳನ್ನೇ ಬದಲಿಸಿಬಿಡುತ್ತಾರೆ, ಹಳೆಯ ಎಂಎಕ್ಸ್ ಅನ್ನು ಹೊಸ ಕಡೆ ನಕಲು ಮಾಡುವುದಿಲ್ಲ. ಪುಟ ಮಿಂಚುತ್ತದೆ, ಪತ್ರ ನಿಲ್ಲುತ್ತದೆ. ಆರ್ಡರ್ ಯಾಕೆ ಬರಲಿಲ್ಲವೆಂದು ಮಾಲೀಕರಿಗೆ ತಿಳಿಯುವಷ್ಟರಲ್ಲಿ ಗಿರಾಕಿ ಬೇರೆಯವರ ಬಳಿ ಹೋಗಿರುತ್ತಾನೆ.

ಇದಕ್ಕಿಂತ ಗಂಭೀರವಾದದ್ದು ಒಡೆತನದ ಪ್ರಶ್ನೆ. ಡೊಮೇನ್ ಖಾತೆ ಡಿಸೈನರ್‌ನ ಇಮೇಲ್‌ಗೆ ಜೋಡಣೆ, ಓಟಿಪಿ ಅವನ ಫೋನಿಗೆ. ಉಳುವವರು ನಾವಾಗಿ ಪಹಣಿ ಇನ್ನೊಬ್ಬರ ಹೆಸರಲ್ಲಿದ್ದ ಹಾಗೆ. ಅವನು ಬೆಂಗಳೂರಿಗೆ ಹೋದರೆ ರಿನ್ಯೂವಲ್ ನೋಟಿಸ್ ಕೂಡ ಅವನ ಹಿಂದೆಯೇ ಹೋಗುತ್ತದೆ. ಅವಧಿ ಮುಗಿದು, ಬಿಡಿಸಿಕೊಳ್ಳುವ ಗಡುವೂ ಮೀರಿದರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು.

ಇದೇ ಊರುಗಳ ಸರ್ಕಾರಿ ಮಾದರಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಜಿಲ್ಲಾಡಳಿತದ ಸೈಟ್ ಕೇಂದ್ರ ಸರ್ಕಾರದ ಎನ್‌ಐಸಿ ಹೆಸರಿನಡಿ ಇದೆ. ನಗರ ಸ್ಥಳೀಯ ಸಂಸ್ಥೆಗಳ ಸೈಟ್‌ಗಳು ರಾಜ್ಯದ ಮುನಿಸಿಪಲ್ ರಿಫಾರ್ಮ್ಸ್ ಸೆಲ್‌ನ ಒಂದೇ ಡೊಮೇನ್ ಅಡಿ ಉಪಡೊಮೇನ್‌ಗಳಾಗಿ ಬಂದಿವೆ. ವಿಳಾಸ ಉದ್ದ, ವಿನ್ಯಾಸ ಸಪ್ಪೆ, ಒಂದು ದಾಖಲೆ ತಿದ್ದಬೇಕೆಂದರೂ ಮೇಲಿನವರನ್ನು ಕೇಳಬೇಕು. ಆದರೂ ಅಧಿಕಾರಿ ವರ್ಗವಾದರೆ, ಗುತ್ತಿಗೆ ಮುಗಿದರೆ ಹೆಸರು ಕೈತಪ್ಪದು. ಅಂದದಲ್ಲಿ ಸೋತ ಸರ್ಕಾರ ಒಡೆತನದಲ್ಲಿ ಗೆದ್ದಿದೆ; ಖಾಸಗಿಯವರದು ಇದರ ತಿರುವುಮುರುವು.

ಅಂಗಡಿಯ ಬೋರ್ಡಿನಲ್ಲಿ ಸ್ವಂತ ಡೊಮೇನ್ ಬರೆಸಿ ಪಕ್ಕದಲ್ಲೇ ಜಿಮೇಲ್ ವಿಳಾಸ ಹಾಕುವುದನ್ನು ಹಲವರು ಹೀಗಳೆಯುತ್ತಾರೆ. ನಾನು ಒಪ್ಪುವುದಿಲ್ಲ. ವ್ಯವಹಾರವೆಲ್ಲ ವಾಟ್ಸ್ಆ್ಯಪ್‌ನಲ್ಲಿ ನಡೆಸುವ ವ್ಯಾಪಾರಿಗೆ ಜಿಮೇಲ್ ಸಾಕು, ಅದು ಕೆಲಸವನ್ನಾದರೂ ಮಾಡುತ್ತದೆ. ಅಪಾಯ ಇರುವುದು ಅರೆಬರೆ ಕಟ್ಟಿದ ಸ್ವಂತ ಇಮೇಲ್‌ನಲ್ಲಿ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಬಿಗಿಯಾಗಿವೆ: ಜಿಮೇಲ್‌ಗೆ ಪತ್ರ ಕಳಿಸುವ ಡೊಮೇನ್‌ಗೆ, ಪತ್ರ ನಿಜವಾಗಿ ಅಲ್ಲಿಂದಲೇ ಬಂದಿದೆಯೆಂದು ತೋರಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ದಾಖಲೆ ಇರಲೇಬೇಕು; ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಇವೆರಡರ ಜೊತೆ, ಆ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಸಹ ಕಡ್ಡಾಯ. ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ಸಾಲು ಸೇರಿಸಿದರೆ ಪರಿಶೀಲನೆಯೇ ವಿಫಲ, ಪತ್ರ ಸ್ಪ್ಯಾಮ್ ಪಾಲಾಗಬಹುದು. ಹೊರದೇಶದ ಖರೀದಿದಾರರಿಗೆ ಇನ್‌ವಾಯ್ಸ್ ಕಳಿಸುವ ಭಾಗ್ಯನಗರದವರಿಗಂತೂ ಡಿಮಾರ್ಕ್ ಬಲವಾಗಿರಲೇಬೇಕು. ಇಲ್ಲವಾದರೆ ಅವರದೇ ವಿಳಾಸ ಹಾಕಿ ಬೇರೆ ಬ್ಯಾಂಕ್ ಖಾತೆ ನಮೂದಿಸಿದ ನಕಲಿ ಪತ್ರ ಕಳಿಸುವುದು ವಂಚಕರಿಗೆ ಸುಲಭ.

ಹುಡುಗರ ಕೌಶಲ ಕಡಿಮೆಯೆಂದು ನಾನು ಹೇಳುತ್ತಿಲ್ಲ. ಎಷ್ಟೋ ಪುಟಗಳು ನಗರದ ಕೆಲಸಕ್ಕೆ ಸಮನಾಗಿವೆ. ಕೇಳಬೇಕಾದದ್ದನ್ನು ಗಿರಾಕಿ ಕೇಳುತ್ತಿಲ್ಲ. ಡೊಮೇನ್ ಖಾತೆ ಮಾಲೀಕರ ಇಮೇಲ್ ಮತ್ತು ಫೋನಿನಲ್ಲಿ, ದಾಖಲೆಗಳ ಪೂರ್ಣ ಪ್ರತಿ ಕಾಗದದಲ್ಲಿ, ಹೊಸದು ಜೋಡಿಸುವ ಮುನ್ನ ಹಳೆಯದರ ನಕಲು: ಈ ಮೂರಕ್ಕೆ ಹೆಚ್ಚುವರಿ ಖರ್ಚಿಲ್ಲ. ಇವು ಕೈಗೆ ಬರುವವರೆಗೆ ಕೊನೆಯ ಕಂತು ತಡೆಹಿಡಿಯುವ ಹಕ್ಕು ಗಿರಾಕಿಗಿದೆ.