ಚೀಟಿಗೆ ಬೆನ್ನು ಹಾಕಿ ನಿಲ್ಲಿ

ಫ್ರಾನ್ಸಿನ ಲಿಯೋನ್ ಮ್ಯೂಸಿಯಮ್ಮಿನಲ್ಲಿ ತಿಯೋಡೋರ್ ಜೆರಿಕೋ 1820ರ ಆಸುಪಾಸಿನಲ್ಲಿ ಬರೆದ ಒಬ್ಬ ಮುದುಕಿಯ ಭಾವಚಿತ್ರವಿದೆ. ಅದಕ್ಕೆ ಅಂಟಿರುವ ಹೆಸರು ಹೊಟ್ಟೆಕಿಚ್ಚಿನ ಹುಚ್ಚಿ ಎಂದು. ಅಡ್ಡಹೆಸರು ಇನ್ನೂ ಕ್ರೂರ, ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಕತ್ತೆಕಿರುಬ. ನೋಡಲು ಬರುವವರು ಮೊದಲು ಹೆಸರು ಓದುತ್ತಾರೆ, ಆಮೇಲೆ ಮುದುಕಿಯ ಕಣ್ಣಲ್ಲಿ ಹೊಟ್ಟೆಕಿಚ್ಚು ಹುಡುಕುತ್ತಾರೆ, ಸಿಕ್ಕಿತೆಂದು ಹೊರಟುಬಿಡುತ್ತಾರೆ. ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗೆ. ಈ ಹೆಸರುಗಳನ್ನು ಚಿತ್ರಕಾರನೇ ಇಟ್ಟನೆನ್ನಲು ಆಧಾರವೂ ಇಲ್ಲ. ಜೆರಿಕೋ 1824ರಲ್ಲಿ, 32ನೆಯ ವಯಸ್ಸಿಗೇ ತೀರಿಕೊಂಡ. ಇಂಥ ಐದು ಚಿತ್ರಗಳು ಬಾಡೆನ್-ಬಾಡೆನ್ ಊರಿನ ಅಟ್ಟವೊಂದರಲ್ಲಿ ಪತ್ತೆಯಾದದ್ದು 1863ರಲ್ಲಿ. ಯಾವ ಚಿತ್ರಕ್ಕೆ ಯಾವ ಕಾಯಿಲೆ ಎಂಬ ಪಟ್ಟಿ ನಮಗೆ ಸಿಕ್ಕಿದ್ದು ಆಗ ಅವನ್ನು ಕಂಡ ಲೂಯಿ ವಿಯಾರ್ದೋನ ಪತ್ರದಿಂದ.

ಹಾಗಾದರೆ ನೋಡಬೇಕಾದ್ದೇನು? ಕಣ್ಣನ್ನು ಬಿಟ್ಟು ಟೋಪಿಯಿಂದ ಶುರು ಮಾಡಿ. ನೆರಿಗೆಯ ಬಿಳಿ ಟೋಪಿ, ಒಪ್ಪವಾಗಿ ಕೂತಿಲ್ಲ. ಅದರ ಬಿಳುಪಿನಿಂದಾಗಿಯೇ ಕೆಳಗಿನ ಮುಖದ ಕೆಂಪು, ಹಸಿರು ಛಾಯೆಗಳೆಲ್ಲ ಎದ್ದು ಕಾಣುತ್ತವೆ. ಈಗ ಕೊರಳಿಗಿಳಿಯಿರಿ: ಮಾಸಲು ಮೇಲಂಗಿಯ ಸಂದಿಯಲ್ಲಿ ಇಣುಕುವ ಕೆಂಪು ಬಟ್ಟೆ. ರೆಪ್ಪೆಯಂಚಿನ ಕೆಂಪಿಗೆ ಅದು ಜೊತೆ. ಬಟ್ಟೆಯಲ್ಲೂ ಅದೇ ಬಣ್ಣ ಇರುವುದರಿಂದ ಕಣ್ಣಿನ ಕೆಂಪು ಬರೀ ರೋಗಲಕ್ಷಣವಾಗಿ ಉಳಿಯದೆ ಇಡೀ ಚಿತ್ರದ ವರ್ಣಸಂಯೋಜನೆಗೆ ಸೇರಿಕೊಳ್ಳುತ್ತದೆ. ಹಿನ್ನೆಲೆಯಲ್ಲಿ ಬರೀ ಕತ್ತಲು; ಸರಪಳಿಯಿಲ್ಲ, ಕಿಟಕಿಯ ಕಂಬಿಯಿಲ್ಲ, ಆಸ್ಪತ್ರೆಯೆನ್ನಲು ಒಂದು ಗುರುತೂ ಇಲ್ಲ. ದುಡ್ಡು ಕೊಟ್ಟು ಬರೆಸಿಕೊಳ್ಳುವ ವರ್ತಕನಿಗೋ ವಕೀಲನಿಗೋ ಸಲ್ಲುತ್ತಿದ್ದ ಎದೆಮಟ್ಟದ ಭಂಗಿಯನ್ನೇ ಜೆರಿಕೋ ಇವಳಿಗೂ ಕೊಟ್ಟಿದ್ದಾನೆ.

ಮನೋವೈದ್ಯ ಜಾರ್ಜೆಗಾಗಿ ಬರೆದದ್ದೆಂಬ ಪ್ರತೀತಿ ಇದೆಯಲ್ಲ, ಹಾಗಿದ್ದಮೇಲೆ ಇವು ವೈದ್ಯಕೀಯ ದಾಖಲೆಗಳೇ ತಾನೆ ಎಂದು ಕೇಳುವವರಿದ್ದಾರೆ. ಪ್ರತೀತಿ ನಿಜವೆಂದೇ ಇಟ್ಟುಕೊಳ್ಳೋಣ. ಜಾರ್ಜೆಯ ಗುರು ಎಸ್ಕಿರೋಲ್‌ ಕೂಡ ರೋಗಿಗಳ ಚಿತ್ರ ಬರೆಸಿದ್ದ. ಗೇಬ್ರಿಯಲ್ ಎಂಬಾತ ಬರೆದುಕೊಟ್ಟದ್ದು ರೇಖಾಚಿತ್ರಗಳನ್ನು. ಮುಖಲಕ್ಷಣ ತೋರಿಸಲು ಅಷ್ಟು ಸಾಕು. ಕೊರಳಪಟ್ಟಿಯ ಕೆಂಪು ಯಾವ ರೋಗದ ಪತ್ತೆಗೂ ಬೇಕಿಲ್ಲ, ಚಿತ್ರಕ್ಕೆ ಮಾತ್ರ ಬೇಕು. ಶೀರ್ಷಿಕೆ ತೆಗೆದರೆ ಇವಳು ಯಾರೋ ಒಬ್ಬ ಮುದುಕಿಯಾಗಿಬಿಡುವಳಲ್ಲ ಎನ್ನುವುದು ಇನ್ನೊಂದು ತಕರಾರು. ಹೌದು, ಹಾಗೆ ಕಾಣುವಂತೆ ಬರೆದಿರುವುದೇ ಈ ಚಿತ್ರದ ಹೆಚ್ಚುಗಾರಿಕೆ. ರೊಮ್ಯಾಂಟಿಕ್ ಚಿತ್ರಕಲೆ ಎಂದೊಡನೆ ಬಿರುಗಾಳಿ, ಹಾರುವ ಕೂದಲು, ಬಂಡೆಯ ಮೇಲೆ ನಿಂತ ಕವಿ ಎಂದು ಚಪ್ಪರಿಸುವವರಿಗೆ ಇದು ರುಚಿಸದು. ಅವರಿಗೆ ಇದೇ ಜೆರಿಕೋನ ‘ಮೆಡ್ಯೂಸಾ ತೆಪ್ಪ’ (1819) ಇದೆ, ಹೆಣಗಳೂ ಅಲೆಗಳೂ ಧಾರಾಳ.

ಅಟ್ಟದಲ್ಲಿ ಸಿಕ್ಕ ಐದರಲ್ಲಿ ಉಳಿದ ನಾಲ್ಕು ಲೂವ್ರ್, ಗೆಂಟ್, ವಿಂಟರ್‌ಥೂರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ಗಳಿಗೆ ಹಂಚಿಹೋಗಿವೆ. ವಿಂಟರ್‌ಥೂರ್‌ನಲ್ಲಿರುವ ಗಂಡಸನ್ನು ನೋಡುವಾಗಲೂ ಇದೇ ಪಥ್ಯ. ಕುಚ್ಚಿನ ಟೋಪಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪದಕ. ಸೇನಾಪತಿಯ ಭ್ರಮೆಯವನೆಂದು ಮೊದಲೇ ಓದಿಕೊಂಡವರಿಗೆ ನಗು ಬರುತ್ತದೆ. ಓದದೆ ನೋಡಿ, ಪದಕದಿಂದ ಮುಖಕ್ಕೆ ಏರಿ. ನಗುವುದಕ್ಕೆ ಅಲ್ಲಿ ಏನೂ ಸಿಗುವುದಿಲ್ಲ.